ಉಪ್ಪು ಮರಳಿನಲ್ಲಿ ಕಳೆದ ಉಂಗುರ: ಲೋಹಶೋಧಕದ ಬಗ್ಗೆ ಓದುಗರ ಪ್ರಶ್ನೆಗಳು

ಪಣಂಬೂರಿನ ಮರಳಿನಲ್ಲಿ ಕಳೆದುಹೋಗಿದ್ದ ಉಂಗುರವೊಂದನ್ನು ಪಲ್ಸ್ ಇಂಡಕ್ಷನ್ ಲೋಹಶೋಧಕದ ನೆರವಿನಿಂದ ಹುಡುಕಿದ್ದನ್ನು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಬೇರೊಂದು ಮಾತಿನ ನಡುವೆ ಹೇಳಿದ್ದೆ. ಅದನ್ನು ಓದಿದವರ ಪತ್ರಗಳು ಎಣಿಸಿದ್ದಕ್ಕಿಂತ ಹೆಚ್ಚು ಬಂದುದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರ: ಕಳೆದ ಡಿಸೆಂಬರಿನಲ್ಲಿ ಮಲ್ಪೆಯ ಕಡಲತೀರದಲ್ಲಿ ನನ್ನ ತಂಗಿಯ ಮದುವೆಯ ಉಂಗುರ ಬಿದ್ದುಹೋಯಿತು. ಆನ್‌ಲೈನಿನಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಒಂದು ಲೋಹಶೋಧಕ ತರಿಸಿದೆವು. ಒಣ ಮರಳಿನಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ತೆರೆ ಬಂದು ಹೋಗುವ ಒದ್ದೆ ಮರಳಿಗೆ ಇಳಿಸಿದ ಕೂಡಲೇ ಎಡೆಬಿಡದೆ ಕಿರುಚಲು ಶುರುಮಾಡುತ್ತದೆ. ಯಂತ್ರ ಕೆಟ್ಟಿದೆಯೇ? ನೀವು ಹೇಳಿದ ಪಲ್ಸ್ ಇಂಡಕ್ಷನ್ ಎಂದರೆ ಬೇರೆಯದೇ? (ಉಡುಪಿ)

ಉ: ನಿಮ್ಮ ಯಂತ್ರ ಕೆಟ್ಟಿಲ್ಲ. ಅದು ಉಪ್ಪುನೀರನ್ನೇ ಲೋಹವೆಂದು ತಿಳಿಯುತ್ತಿದೆ, ಮತ್ತು ಅದರ ಮಟ್ಟಿಗೆ ಆ ತಿಳಿವಳಿಕೆ ಪೂರ್ತಿ ತಪ್ಪೂ ಅಲ್ಲ. ಆ ಬೆಲೆಗೆ ಸಿಗುವ ಶೋಧಕಗಳು ಸಾಮಾನ್ಯವಾಗಿ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ, ಎಂದರೆ ತೀರ ಕಡಿಮೆ ಆವರ್ತನ) ಎಂಬ ಜಾತಿಯವು. ಅವುಗಳ ಕೋಲಿನ ತುದಿಯ ತಂತಿ ಸುರುಳಿಯಲ್ಲಿ ಕೆಲವು ಕಿಲೋಹರ್ಟ್ಸ್ ಆವರ್ತನದ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಅದು ನೆಲದಡಿಯ ಲೋಹದಲ್ಲಿ ಸುಳಿಪ್ರವಾಹವನ್ನು, ಎಂದರೆ ಲೋಹದೊಳಗೇ ಸುಳಿಯಂತೆ ಸುತ್ತುವ ವಿದ್ಯುತ್ತನ್ನು, ಹುಟ್ಟಿಸುತ್ತದೆ. ಆ ಸುಳಿಪ್ರವಾಹದಿಂದ ಮರಳಿ ಬರುವ ಸಂಕೇತ ಕಳಿಸಿದ ಸಂಕೇತಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ಎಂದು ಅಳೆದು, ಇದು ಕಬ್ಬಿಣ, ಇದು ಅಲ್ಯೂಮಿನಿಯಂ, ಇದು ಬೆಳ್ಳಿ ಎಂದು ಯಂತ್ರ ಅಂದಾಜು ಮಾಡುತ್ತದೆ. ಉಪ್ಪುನೀರು ಹೀರಿದ ಮರಳಿನಲ್ಲಿಯೂ ವಿದ್ಯುತ್ತು ಹರಿಯುತ್ತದೆ, ಆದ್ದರಿಂದ ಅದೂ ಒಂದು ಸಂಕೇತ ಕೊಡುತ್ತದೆ. ತೊಂದರೆ ಏನೆಂದರೆ, ಆ ಸಂಕೇತ ಯಂತ್ರದ ಮಾಪಕದಲ್ಲಿ ಬಂದು ಕೂರುವ ಜಾಗ ಸಿಗರೇಟು ಪೊಟ್ಟಣದ ತೆಳು ಹಾಳೆ ಮತ್ತು ಸಣ್ಣ ಚಿನ್ನದ ಒಡವೆ ಕೂರುವ ಜಾಗಕ್ಕೆ ತೀರ ಹತ್ತಿರ. ಉಪ್ಪಿನ ಬಾಯಿ ಮುಚ್ಚಿಸಲು ಹೋದರೆ ಚಿನ್ನದ ಬಾಯಿಯೂ ಮುಚ್ಚಿಹೋಗುತ್ತದೆ. ಇದರ ಮೇಲೆ ಮ್ಯಾಗ್ನೆಟೈಟಿನಂಥ ಕಬ್ಬಿಣದ ಖನಿಜವಿರುವ ಕಪ್ಪು ಮರಳಿನ ಪದರವೂ ಇದ್ದರೆ ಕಷ್ಟ ಇಮ್ಮಡಿಯಾಗುತ್ತದೆ, ಏಕೆಂದರೆ ಒಂದೇ ಆವರ್ತನದ ಯಂತ್ರದ ಗ್ರೌಂಡ್ ಬ್ಯಾಲೆನ್ಸನ್ನು (ನೆಲದ ಸದ್ದನ್ನು ಅಳಿಸುವ ಹೊಂದಾಣಿಕೆಯನ್ನು) ಉಪ್ಪಿಗೆ ಹೊಂದಿಸಬಹುದು ಅಥವಾ ಕಪ್ಪು ಮರಳಿಗೆ ಹೊಂದಿಸಬಹುದು, ಎರಡಕ್ಕೂ ಒಟ್ಟಿಗೆ ಹೊಂದಿಸಲು ಬರುವುದಿಲ್ಲ.

ಪಲ್ಸ್ ಇಂಡಕ್ಷನ್ ಯಂತ್ರ ಈ ಜಗಳದಿಂದ ಬೇರೊಂದು ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ದೇವಸ್ಥಾನದ ಗಂಟೆಯನ್ನು ಬಾರಿಸಿದಾಗ ಮೊದಲು ಏಟಿನ ಸದ್ದು, ಆಮೇಲೆ ನಿಧಾನವಾಗಿ ಕರಗುವ ನಾದ ಎರಡೂ ಕೇಳುತ್ತವೆಯಲ್ಲವೇ? ಈ ಯಂತ್ರ ಏಟಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಉಳಿದ ನಾದವನ್ನು ಮಾತ್ರ ಆಲಿಸುತ್ತದೆ. ಸುರುಳಿಯಲ್ಲಿ ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ವಿದ್ಯುತ್ತನ್ನು ಹರಿಸಿ, ಪ್ರತಿ ಬಾರಿಯೂ ಫಕ್ಕನೆ ಕಡಿದುಬಿಡುತ್ತದೆ. ಕಡಿದ ಕ್ಷಣದಲ್ಲಿ ಸುರುಳಿಯ ತುದಿಗಳಲ್ಲಿ ನೂರಾರು ವೋಲ್ಟಿನ ಒಂದು ಜಿಗಿತ ಹುಟ್ಟಿ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಅಡಗುತ್ತದೆ. ಆ ಹೊತ್ತಿಗೆ ಉಪ್ಪುನೀರಿನಲ್ಲಿ ಎದ್ದಿದ್ದ ಪ್ರವಾಹವೂ ಬಹುಮಟ್ಟಿಗೆ ಸತ್ತಿರುತ್ತದೆ, ಮ್ಯಾಗ್ನೆಟೈಟಿನ ಕಾಂತತ್ವವೂ ಇಳಿದಿರುತ್ತದೆ. ಉಂಗುರದಲ್ಲಿ ಎದ್ದ ಸುಳಿಪ್ರವಾಹ ಮಾತ್ರ ಹತ್ತಾರು ಮೈಕ್ರೋಸೆಕೆಂಡು ಸುತ್ತುತ್ತಲೇ ಇರುತ್ತದೆ. ಬೆಳ್ಳಿಯ ದಪ್ಪ ನಾಣ್ಯದಲ್ಲಿ ಅದು ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಕಡಿದ ಮೇಲೆ ಸುಮಾರು 10 ಮೈಕ್ರೋಸೆಕೆಂಡು ಸುಮ್ಮನಿದ್ದು ಆಮೇಲೆ ಕಿವಿಗೊಟ್ಟರೆ ಕೇಳಿಸುವುದು ಲೋಹದ ನಾದ. ಈ ಯಂತ್ರದ ಗುಣವೂ ದೋಷವೂ ಆ ಕಾಯುವಿಕೆಯಲ್ಲಿಯೇ ಇವೆ. ಮುಂದಿನ ಉತ್ತರಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಬರುತ್ತದೆ.

ನಿಮ್ಮ ತಂಗಿಯ ಉಂಗುರದ ವಿಚಾರ. ಡಿಸೆಂಬರಿನ ನಂತರ ಒಂದು ಮಳೆಗಾಲ ಕಳೆದಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊರೆದು ಒಳಗೆ ಒಯ್ಯುತ್ತವೆ, ಆಮೇಲಿನ ಶಾಂತ ತಿಂಗಳುಗಳಲ್ಲಿ ಅದು ಮರಳಿ ಬಂದು ಕೂರುತ್ತದೆ. ಚಿನ್ನ ಭಾರವಾದ ಲೋಹವಾದ್ದರಿಂದ ಮರಳಿನಷ್ಟು ಸುಲಭವಾಗಿ ತೇಲಿಹೋಗದು. ಗಟ್ಟಿ ಪದರ ಸಿಗುವವರೆಗೆ ಇಳಿಯುತ್ತ ಹೋಗುತ್ತದೆ. ಆದರೂ ಬಿದ್ದ ಜಾಗದಲ್ಲೇ ಇರುತ್ತದೆಂದು ನಾನು ಭರವಸೆ ಕೊಡಲಾರೆ. ಹುಡುಕುವುದೇ ಆದರೆ ಹೊಸ ಮರಳು ಮೇಲೆ ಕೂರುವ ಮೊದಲು, ದಂಡೆ ಕೊರೆದು ತಗ್ಗಾಗಿರುವ ದಿನಗಳಲ್ಲಿ ಹುಡುಕಿ. ಅಂದು ಕುಳಿತಿದ್ದ ಜಾಗವನ್ನು ಹಳೆಯ ಫೋಟೋಗಳಿಂದ ಗುರುತಿಸಿ, ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ, ಬತ್ತದ ಗದ್ದೆ ಉತ್ತಂತೆ ಸಾಲು ಸಾಲಾಗಿ ನಡೆಯಿರಿ. ಅತ್ತಿತ್ತ ಅಲೆದಾಡಿ ಹುಡುಕಿದವರು ಒಂದೇ ಜಾಗವನ್ನು ಐದು ಸಲ ನೋಡಿ ಅದರ ಪಕ್ಕದ ಮೊಳವನ್ನು ಒಮ್ಮೆಯೂ ನೋಡಿರುವುದಿಲ್ಲ.

ಪ್ರ: ವಿದೇಶದಲ್ಲಿರುವ ಮಗ ಪಲ್ಸ್ ಇಂಡಕ್ಷನ್ ಶೋಧಕವೊಂದನ್ನು ತಂದುಕೊಟ್ಟಿದ್ದಾನೆ. ಅದರಲ್ಲಿ ‘ಡಿಲೇ’ ಎಂಬ ಗುಂಡಿಯಿದೆ. ತಿಳ್ಮಾತಿಯ ಕಪ್ಪು ಮರಳಿನ ಮೇಲೂ ಯಂತ್ರ ತಣ್ಣಗೆ ಇರುತ್ತದೆ, ಸೋಡಾ ಬಾಟಲಿಯ ಮುಚ್ಚಳವನ್ನು ಮೊಳದಾಳದಿಂದ ಹಿಡಿಯುತ್ತದೆ. ಆದರೆ ನನ್ನ ಹೆಂಡತಿಯ ಎಳೆ ಸರವನ್ನು ನಾಲ್ಕು ಬೆರಳು ಕೆಳಗೆ ಹೂತಿಟ್ಟು ನೋಡಿದೆ, ಸದ್ದೇ ಇಲ್ಲ. ಚಿನ್ನ ಹುಡುಕದ ಯಂತ್ರದಿಂದ ಪ್ರಯೋಜನವೇನು? (ಕಾರವಾರ)

ಉ: ಸರವನ್ನು ಹೂತು ಪರೀಕ್ಷೆ ಮಾಡಿದಿರಲ್ಲ, ಆಮೇಲೆ ಅದು ಸಿಕ್ಕಿತೆಂದು ಭಾವಿಸುತ್ತೇನೆ. ಮುಂದೆ ಒಡವೆಗೆ ಒಂದು ದಾರ ಕಟ್ಟಿ, ಅದರ ತುದಿ ಮರಳಿನ ಮೇಲೆ ಕಾಣುವಂತೆ ಬಿಟ್ಟು ಹೂಳಿರಿ.

ತಿಳ್ಮಾತಿಯ ಮರಳು ಎಳ್ಳಿನಂತೆ ಕಪ್ಪಾಗಿರುವುದರಿಂದಲೇ ಆ ಹೆಸರು (ಅದರಲ್ಲಿನ ‘ತಿಳ್’ ಎಂದರೆ ಎಳ್ಳು). ಅಂಥ ಕಡೆ ನಿಮ್ಮ ಯಂತ್ರ ಮೌನವಾಗಿರುವುದು ಅದರ ಯೋಗ್ಯತೆ. ಸರದ ವಿಚಾರದಲ್ಲಿ ಅದು ಸೋತದ್ದು ಅದೇ ಯೋಗ್ಯತೆಯ ಇನ್ನೊಂದು ಮುಖ. ಲೋಹದ ಹೆಸರಿಗಿಂತ ಲೋಹದೊಳಗೆ ಪ್ರವಾಹ ಸುತ್ತಲು ಇರುವ ದಾರಿ ಎಷ್ಟು ಅಗಲ, ಎಷ್ಟು ಸರಾಗ ಎಂಬುದು ಇಲ್ಲಿ ಮುಖ್ಯ. ಮುಚ್ಚಳ ಅಗಲವಾದ ತಟ್ಟೆ. ಅದರಲ್ಲಿ ಪ್ರವಾಹ ಸಲೀಸಾಗಿ ಸುತ್ತುತ್ತದೆ, ಬಹಳ ಹೊತ್ತು ಉಳಿಯುತ್ತದೆ. ಎಳೆ ಸರ ಯಂತ್ರದ ಪಾಲಿಗೆ ಸರವೇ ಅಲ್ಲ. ನೂರಾರು ಚಿಕ್ಕ ಕೊಂಡಿಗಳ ಗುಂಪು. ಕೊಂಡಿ ಕೊಂಡಿಯ ನಡುವಿನ ತಾಗುವಿಕೆ ಅಷ್ಟು ಗಟ್ಟಿಯಲ್ಲದ್ದರಿಂದ ಪ್ರತಿ ಕೊಂಡಿಯೂ ತನ್ನ ಪಾಡಿಗೆ ತಾನು ಒಂದು ಪುಟ್ಟ ನಾದ ಮಾಡಿ, ಯಂತ್ರ ಕಿವಿಗೊಡುವ ಮೊದಲೇ ಸುಮ್ಮನಾಗಿಬಿಡುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಮನೆಯ ತಂತಿಯ ತುಂಡೊಂದನ್ನು ಬಳೆಯಂತೆ ಬಾಗಿಸಿ, ತುದಿಗಳು ತಾಗದಂತೆ ಹಿಡಿದು ಸುರುಳಿಯ ಮುಂದೆ ಆಡಿಸಿ. ಯಂತ್ರ ಬಾಯಿ ಬಿಡುವುದೇ ಕಷ್ಟ. ಅದೇ ತುದಿಗಳನ್ನು ಬೆಸುಗೆ ಹಾಕಿ ಆಡಿಸಿದರೆ ದೂರದಿಂದಲೇ ಕೂಗುತ್ತದೆ. ಕಡಲಿನಲ್ಲಿ ಕಳೆದ ಕಿವಿಯ ರಿಂಗು ಕೊಕ್ಕೆ ಹಾಕಿಕೊಂಡು ಬಿದ್ದಿದೆಯೋ ಕೊಕ್ಕೆ ಕಳಚಿ ಬಿದ್ದಿದೆಯೋ ಎಂಬುದರ ಮೇಲೆ ಅದು ಸಿಗುವುದೂ ಸಿಗದಿರುವುದೂ ನಿಂತಿರುತ್ತದೆ.

ಇನ್ನು ಆ ಗುಂಡಿ. ಡಿಲೇ ಎಂದರೆ ವಿದ್ಯುತ್ತು ಕಡಿದ ಮೇಲೆ ಯಂತ್ರ ಎಷ್ಟು ಹೊತ್ತು ಕಾದು ಕಿವಿಗೊಡಬೇಕು ಎಂಬ ಲೆಕ್ಕ. ಕಡಿಮೆ ಮಾಡಿದಷ್ಟೂ ಸಣ್ಣ ಚಿನ್ನ ಕೇಳಿಸುತ್ತದೆ, ಅದರ ಜೊತೆಗೆ ಉಪ್ಪೂ ಕೇಳಿಸತೊಡಗುತ್ತದೆ. ಹೆಚ್ಚು ಮಾಡಿದಷ್ಟೂ ಉಪ್ಪು ಮೌನವಾಗುತ್ತದೆ, ಅದರ ಜೊತೆಗೆ ಸಣ್ಣ ಚಿನ್ನವೂ. ಹಾಗಾಗಿ ಇಷ್ಟಕ್ಕೇ ಇಡಿ ಎಂದು ಒಂದು ಅಂಕಿ ಹೇಳುವುದಕ್ಕಿಂತ ಇಡುವ ಕ್ರಮ ಹೇಳುವುದು ಮೇಲು. ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ನಿಂತು, ಸುರುಳಿಯನ್ನು ಮರಳಿಗೆ ತಾಗುವಷ್ಟು ಕೆಳಗಿಳಿಸಿ, ಮತ್ತೆ ಮೊಣಕಾಲಿನೆತ್ತರಕ್ಕೆ ಎತ್ತಿ, ಹೀಗೆ ಏಳೆಂಟು ಬಾರಿ ಮಾಡಿ. ಇಳಿಸುವಾಗಲೆಲ್ಲ ಸದ್ದು ಏರಿದರೆ ಅದು ಉಪ್ಪಿನ ಸದ್ದು. ಆ ಏರಿಳಿತ ಅಡಗುವವರೆಗೆ ಮಾತ್ರ ಡಿಲೇ ಹೆಚ್ಚಿಸಿ, ಅಲ್ಲಿಗೇ ನಿಲ್ಲಿಸಿ. ಒಣ ಮರಳಿಗೆ ಬಂದಾಗ ಮತ್ತೆ ಇಳಿಸಿಕೊಳ್ಳಿ. ಸುರುಳಿ ದೊಡ್ಡದಾದಷ್ಟೂ ಅದರಡಿಗೆ ಬರುವ ಉಪ್ಪುನೀರೂ ಹೆಚ್ಚು. ಸಣ್ಣ ಒಡವೆ ಹುಡುಕುವವರಿಗೆ ಚಿಕ್ಕ ಸುರುಳಿಯೇ ವಾಸಿ. ಬೀಸುವಾಗ ಸುರುಳಿ ಮರಳಿಗೆ ಸಮನಾಗಿ ಚಲಿಸಲಿ. ಕೊಡೆಯ ಹಿಡಿಯಂತೆ ಕಮಾನಾಗಿ ಬೀಸಿದರೆ ಪ್ರತಿ ಬೀಸಿನ ತುದಿಯಲ್ಲೂ ಸುರುಳಿ ಮೇಲೇಳುತ್ತದೆ, ಎದ್ದಾಗ ಆಳ ತಪ್ಪುತ್ತದೆ.

ಮನೆಯೊಳಗೆ ಪರೀಕ್ಷೆ ಮಾಡಬೇಡಿ. ಟ್ಯೂಬ್‌ಲೈಟು, ಇನ್ವರ್ಟರು, ಗೋಡೆಯೊಳಗಿನ ತಂತಿ, ಕಾಂಕ್ರೀಟಿನ ಕಬ್ಬಿಣ ಎಲ್ಲವೂ ಅದಕ್ಕೆ ಕೇಳಿಸುತ್ತವೆ.

ಪ್ರ: ಅಡಿಕೆ ತೋಟದಲ್ಲಿ ಅಪ್ಪನ ಕಾಲದ ಜಿ.ಐ. ಪೈಪಿನ ಲೈನು ಎಲ್ಲಿ ಹೋಗಿದೆಯೆಂದು ಯಾರಿಗೂ ನೆನಪಿಲ್ಲ. ಗೆಳೆಯರೊಬ್ಬರ ಪಲ್ಸ್ ಇಂಡಕ್ಷನ್ ಯಂತ್ರ ತಂದು ನೋಡಿದೆ. ಸಮುದ್ರದ ಮರಳಿನಲ್ಲಿ ಒಳ್ಳೆಯ ಯಂತ್ರವಂತೆ. ನಮ್ಮ ಮುರಕಲ್ಲಿನ ನೆಲದಲ್ಲಿ ಎಲ್ಲಿಟ್ಟರೂ ಗುಂಯ್‌ಗುಡುತ್ತದೆ. ಒಂದು ಜಾಗದಲ್ಲಂತೂ ಕಿವಿ ಕಿತ್ತುಹೋಗುವಂತೆ ಕೂಗಿತು. ಎರಡಡಿ ಅಗೆದರೂ ಬರೀ ಮಣ್ಣು. (ಪುತ್ತೂರು)

ಉ: ಕಿವಿ ಕಿತ್ತುಹೋಗುವಂತೆ ಕೂಗಿದ ಆ ಜಾಗದಲ್ಲಿ ಹಿಂದೆ ಯಾವಾಗಲಾದರೂ ಸುಡುಮಣ್ಣು ಹಾಕುತ್ತಿದ್ದರೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಹಾಕುತ್ತಿದ್ದರು ಎಂಬ ಉತ್ತರ ಬಂದರೆ ನನಗೆ ಆಶ್ಚರ್ಯವಾಗದು.

ಕಾರಣ ಹೇಳುತ್ತೇನೆ. ವಿದ್ಯುತ್ತು ಕಡಿದ ಕೂಡಲೇ ಮ್ಯಾಗ್ನೆಟೈಟಿನ ಕಾಂತತ್ವ ಇಳಿಯುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದು ಕಣ ತಕ್ಕಮಟ್ಟಿಗೆ ದಪ್ಪವಿದ್ದಾಗಿನ ಮಾತು. ಕಬ್ಬಿಣದ ಆಕ್ಸೈಡಿನ ಕಣಗಳು ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಸಣ್ಣವಾದಾಗ ಅವುಗಳ ಕಾಂತತ್ವ ಥಟ್ಟನೆ ಇಳಿಯುವುದಿಲ್ಲ; ಬೆಲ್ಲದ ಪಾಕ ಹರಿದಂತೆ ಎಳೆ ಎಳೆಯಾಗಿ ಇಳಿಯುತ್ತದೆ. ವಿಜ್ಞಾನಿಗಳು ಇದನ್ನು ಮ್ಯಾಗ್ನೆಟಿಕ್ ವಿಸ್ಕಾಸಿಟಿ ಎನ್ನುತ್ತಾರೆ. ಮುರಕಲ್ಲು ಅಥವಾ ಜಂಬಿಟ್ಟಿಗೆ ಎಂದರೆ ಮಳೆ ಬಿಸಿಲುಗಳಲ್ಲಿ ಬೇರೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳೇ ಉಳಿದ ಕಲ್ಲು. ಅದರ ಮೇಲುಮಣ್ಣಿನಲ್ಲಿ ಮ್ಯಾಗ್‌ಹೆಮೈಟ್ ಎಂಬ ಕಬ್ಬಿಣದ ಆಕ್ಸೈಡಿನ ಇಂಥ ಸಣ್ಣ ಕಣಗಳು ಬೇಕಾದಷ್ಟಿರುತ್ತವೆ. ಸೊಪ್ಪು, ತರಗೆಲೆ, ಕಟ್ಟಿಗೆಗಳ ಜೊತೆ ಮಣ್ಣನ್ನು ಸುಟ್ಟಾಗ ಅವು ಇನ್ನಷ್ಟು ಹುಟ್ಟುತ್ತವೆ. ಹೀಗಾಗಿ ನಿಮ್ಮ ಅಜ್ಜ ಗೊಬ್ಬರಕ್ಕೆಂದು ಸುಟ್ಟ ಮಣ್ಣು ಐವತ್ತು ವರ್ಷವಾದ ಮೇಲೂ ಯಂತ್ರದ ಕಿವಿಗೆ ಲೋಹದಂತೆ ಕೇಳಿಸಬಹುದು. ಶೋಧಕ ಹಿಡಿದವನಿಗೆ ಕಾಟವಾದ ಇದೇ ಸಂಗತಿ ಪುರಾತತ್ತ್ವಜ್ಞರಿಗೆ ಸುಳಿವಾಯಿತು: 1966ರಲ್ಲಿ ಆಕ್ಸ್‌ಫರ್ಡಿನ ಕೊಲಾನಿ ಮತ್ತು ಏಟ್ಕನ್ ಎಂಬ ಇಬ್ಬರು ಈ ಗುಣವನ್ನೇ ಬಳಸಿ, ಮೇಲುಮಣ್ಣು ತುಂಬಿ ಮುಚ್ಚಿಹೋದ ಪ್ರಾಚೀನ ಗುಂಡಿ ಕಂದಕಗಳನ್ನು ಅಗೆಯದೆಯೇ ಪತ್ತೆ ಮಾಡಬಹುದೆಂದು ನೇಚರ್ ಪತ್ರಿಕೆಯಲ್ಲಿ ಬರೆದರು. ಲೋಹವನ್ನು ಹುಡುಕುವ ಪಲ್ಸ್ ಯಂತ್ರಗಳನ್ನು ಮುಂದೆ ಬಹುಕಾಲ ಕಟ್ಟಿದ ಎರಿಕ್ ಫಾಸ್ಟರ್ ಕೂಡ ಅದೇ ಆಕ್ಸ್‌ಫರ್ಡಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು.

ಮಣ್ಣಿನ ಈ ಎಳೆತ ಮತ್ತು ಲೋಹದ ನಾದ ಕರಗುವ ರೀತಿ ಒಂದೇ ಅಲ್ಲ. ಹೊತ್ತು ಇಮ್ಮಡಿಯಾದರೆ ಮಣ್ಣಿನ ಸಂಕೇತ ಸುಮಾರಾಗಿ ಅರ್ಧವಾಗುತ್ತದೆ. ಲೋಹದ್ದು ತನ್ನದೇ ಗತಿಯಲ್ಲಿ ಕರಗುತ್ತದೆ. ಎರಡು ಬೇರೆ ಬೇರೆ ಹೊತ್ತಿನಲ್ಲಿ ಕಿವಿಗೊಟ್ಟು, ಮಣ್ಣಿನ ಪಾಲು ಸೊನ್ನೆಯಾಗುವಂತೆ ಒಂದರಿಂದ ಇನ್ನೊಂದನ್ನು ಕಳೆಯುವುದೇ ಪಲ್ಸ್ ಯಂತ್ರಗಳ ಗ್ರೌಂಡ್ ಬ್ಯಾಲೆನ್ಸ್. ಕಡಲತೀರಕ್ಕೆಂದೇ ಮಾಡಿದ ಸರಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ, ಬಹುಶಃ ನಿಮ್ಮ ಗೆಳೆಯರ ಯಂತ್ರದಲ್ಲೂ ಇಲ್ಲ.

ಆದರೂ ನಿಮ್ಮ ಕೆಲಸ ಆಗುತ್ತದೆ. ನೀವು ಹುಡುಕುತ್ತಿರುವುದು ಉದ್ದನೆಯ ಕಬ್ಬಿಣದ ಪೈಪು. ಅದರ ನಾದ ಬಹಳ ಹೊತ್ತು ನಿಲ್ಲುತ್ತದೆ. ಡಿಲೇಯನ್ನು ಎಷ್ಟು ಸಾಧ್ಯವೋ ಅಷ್ಟು ಹೆಚ್ಚಿಸಿ, ಸುರುಳಿಯನ್ನು ನೆಲದಿಂದ ಒಂದು ಗೇಣು ಮೇಲೆತ್ತಿ ಹಿಡಿದು ನಡೆಯಿರಿ. ಮಣ್ಣಿನ ಸದ್ದು ಕುಗ್ಗುತ್ತದೆ, ಪೈಪಿನದ್ದು ಉಳಿಯುತ್ತದೆ. ಪೈಪು ಹೋಗಿರಬಹುದಾದ ದಿಕ್ಕಿಗೆ ಅಡ್ಡಲಾಗಿ ನಡೆದು, ಸದ್ದು ಬಂದ ಕಡೆಯಲ್ಲೆಲ್ಲ ಅಡಿಕೆ ಹಾಳೆಯ ಚೂರೊಂದನ್ನು ಇಡುತ್ತ ಹೋದರೆ ಕೊನೆಗೆ ಹಾಳೆಗಳ ಸಾಲೇ ಲೈನನ್ನು ತೋರಿಸುತ್ತದೆ. ನಡುವೆ ಎಂದೋ ಪಿವಿಸಿ ಹಾಕಿ ತೇಪೆ ಹಚ್ಚಿದ್ದರೆ ಅಲ್ಲಿ ಮಾತ್ರ ಯಾವ ಯಂತ್ರವೂ ಬಾಯಿ ಬಿಡದು.

ಪ್ರ: ಮೆಲ್ಬರ್ನಿಗೆ ಬಂದು ಆರು ವರ್ಷವಾಯಿತು. ಬೆಂಡಿಗೊ, ಡನೊಲಿ ಕಡೆ ವಾರಾಂತ್ಯದಲ್ಲಿ ಚಿನ್ನ ಹುಡುಕಲು ಹೋಗುವ ಸಹೋದ್ಯೋಗಿಗಳಿದ್ದಾರೆ. ಅವರೆಲ್ಲ ಪಲ್ಸ್ ಇಂಡಕ್ಷನ್ ಯಂತ್ರವೇ ಬೇಕು ಎನ್ನುತ್ತಾರೆ. ಬೆಲೆ ನೋಡಿದರೆ ಹೆದರಿಕೆಯಾಗುತ್ತದೆ. (ಮೆಲ್ಬರ್ನ್)

ಉ: ಬೆಲೆಗೆ ಹೆದರುವುದು ಆರೋಗ್ಯದ ಲಕ್ಷಣ. ನೀವು ಹೇಳುವ ಸೀಮೆಯ ಕೆಂಪು ನೆಲವೂ ಪುತ್ತೂರಿನ ನೆಲದ ಹಾಗೆಯೇ ಕಬ್ಬಿಣದ ಖನಿಜ ತುಂಬಿದ್ದು. 1850ರ ದಶಕದಿಂದ ಅಗೆದು, 1970ರ ದಶಕದ ನಂತರ ವಿಎಲ್‌ಎಫ್ ಶೋಧಕಗಳಿಂದ ಜಾಲಾಡಿ, ಇನ್ನೇನೂ ಉಳಿದಿಲ್ಲವೆಂದು ಬಿಟ್ಟಿದ್ದ ಜಾಗಗಳು 1990ರ ದಶಕದ ನಡುವಿನಲ್ಲಿ ಮತ್ತೆ ಜೀವ ಪಡೆದವು. ಅಡಿಲೇಡ್ ಮೂಲದ ಮೈನ್‌ಲ್ಯಾಬ್ ಕಂಪೆನಿ ಬ್ರೂಸ್ ಕ್ಯಾಂಡಿ ಎಂಬ ಭೌತವಿಜ್ಞಾನಿಯ ವಿನ್ಯಾಸದಲ್ಲಿ ಹೊರತಂದ ಎಸ್‌ಡಿ 2000 ಎಂಬ ಯಂತ್ರ ಉದ್ದ ಗಿಡ್ಡ ಎರಡೂ ಬಗೆಯ ಸ್ಪಂದಗಳನ್ನು (ಪಲ್ಸ್‌ಗಳನ್ನು) ಕಳಿಸಿ, ಮಣ್ಣಿನ ಪಾಲನ್ನು ಕಳೆದು ಲೋಹವನ್ನು ಕೇಳಿಸುವಂತೆ ಮಾಡಿತು. ಈಗ ನೀವು ನೋಡಿ ಹೆದರುತ್ತಿರುವ ಯಂತ್ರಗಳು ಅದರ ವಂಶದವು. ಕಡಲತೀರದ ಅಗ್ಗದ ಪಲ್ಸ್ ಯಂತ್ರ ತೆಗೆದುಕೊಂಡು ಅಲ್ಲಿಗೆ ಹೋದರೆ ಪುತ್ತೂರಿನವರಿಗಾದ ಗತಿಯೇ ನಿಮಗೂ.

ಯಂತ್ರದಿಂದಲೇ ಎಲ್ಲವೂ ಆಗುತ್ತದೆ ಎಂದೂ ತಿಳಿಯಬೇಡಿ. ಲೋಹಶೋಧಕದಿಂದ ಸಿಕ್ಕ ಚಿನ್ನದ ಗಟ್ಟಿಗಳಲ್ಲೆಲ್ಲ ಹೆಸರಾದದ್ದು ‘ಹ್ಯಾಂಡ್ ಆಫ್ ಫೇತ್’: 27 ಕಿಲೋಗ್ರಾಂ ಮೀರಿದ ತೂಕ, 1980ರಲ್ಲಿ ವಿಕ್ಟೋರಿಯಾದ ಕಿಂಗವರ್ ಬಳಿ ಸಿಕ್ಕಿದ್ದು. ಅದನ್ನು ಹುಡುಕಿದ್ದು ಪಲ್ಸ್ ಇಂಡಕ್ಷನ್ ಯಂತ್ರವಲ್ಲ, ಆ ಕಾಲದ ಸಾಧಾರಣ ವಿಎಲ್‌ಎಫ್. ಗಟ್ಟಿ ಅಷ್ಟು ದೊಡ್ಡದಿತ್ತು, ಹೆಚ್ಚು ಆಳದಲ್ಲೂ ಇರಲಿಲ್ಲ. ನಿಮಗೆ ಸಿಗಬಹುದಾದದ್ದು ಸಾಸಿವೆ, ಕಡಲೆ ಗಾತ್ರದ ಚೂರುಗಳು. ಅವುಗಳ ಸಂಕೇತ ಹೆಡ್‌ಫೋನಿನಲ್ಲಿ ಸದಾ ಕೇಳುವ ಸಣ್ಣ ಗುನುಗಿನಲ್ಲಿ ಒಂದು ಚಿಕ್ಕ ಅಲುಗಾಟದಂತಿರುತ್ತದೆ. ಅಲುಗಾಟ ಕೇಳಿದಲ್ಲಿ ಮೇಲಿನ ಎರಡು ಬೆರಳು ಮಣ್ಣನ್ನು ಕಾಲಿನಿಂದ ಸರಿಸಿ ಮತ್ತೆ ಬೀಸಿ. ಸಂಕೇತ ಗಟ್ಟಿಯಾದರೆ ಲೋಹ, ಮಣ್ಣಿನ ಜೊತೆಗೇ ಹರಡಿಹೋದರೆ ಮಣ್ಣು. ಮೊದಲ ವರ್ಷ ಬಾಡಿಗೆಗೆ ಪಡೆದು ನಾಲ್ಕೈದು ವಾರಾಂತ್ಯ ನೋಡುವುದು ಜಾಣತನ. ವಿಕ್ಟೋರಿಯಾ ಸರ್ಕಾರ ಕೊಡುವ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಕಡ್ಡಾಯ. ಒಮ್ಮೆ ಪಡೆದರೆ 10 ವರ್ಷ ನಡೆಯುತ್ತದೆ. ಅದಿದ್ದರೂ ರಾಷ್ಟ್ರೀಯ ಉದ್ಯಾನಗಳ ಬಹುಪಾಲಿನಲ್ಲಿ ಹುಡುಕುವಂತಿಲ್ಲ, ಮೂಲನಿವಾಸಿಗಳ ಪಾರಂಪರಿಕ ತಾಣಗಳನ್ನು ಮುಟ್ಟುವಂತಿಲ್ಲ, ತೋಡಿದ ಗುಂಡಿ ಮುಚ್ಚದೆ ಬರುವಂತಿಲ್ಲ.

ಪ್ರ: ಕಬ್ಬಿಣ ಬಂದರೆ ಸುಮ್ಮನಿರುವ ಪಲ್ಸ್ ಇಂಡಕ್ಷನ್ ಯಂತ್ರ ಇಲ್ಲವೇ? ಇಲ್ಲಿನ ಸಮುದ್ರ ದಂಡೆಯಲ್ಲಿ ಅಗೆದು ಅಗೆದು ಬೆನ್ನು ಬಿದ್ದುಹೋಗಿದೆ. (ಇಂಗ್ಲೆಂಡಿನಿಂದ ಕನ್ನಡಿಗರೊಬ್ಬರು)

ಉ: ನಂಬುವಂತೆ ಕಬ್ಬಿಣವನ್ನು ಬೇರ್ಪಡಿಸುವ ಪಲ್ಸ್ ಯಂತ್ರ ಇಲ್ಲವೆಂದೇ ತಿಳಿಯಿರಿ. ನಾದ ಎಷ್ಟು ಹೊತ್ತು ನಿಂತಿತೆಂದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಚಿಕ್ಕ ಮೊಳೆಯೂ ಉಂಗುರವೂ ಒಂದೇ ಹೊತ್ತು ನಿಲ್ಲಬಹುದು. ಕಿವಿ ಪಳಗಿದಂತೆ ಕೆಲವು ಗುರುತು ಸಿಗುತ್ತವೆ: ಉದ್ದನೆಯ ಮೊಳೆ, ಕೂದಲಿನ ಪಿನ್ನುಗಳ ಮೇಲೆ ಉದ್ದಕ್ಕೆ ಬೀಸಿದರೆ ಎರಡು ಸದ್ದು, ಅಡ್ಡಕ್ಕೆ ಬೀಸಿದರೆ ಒಂದೇ ಸದ್ದು ಬರುತ್ತದೆ. ಉಂಗುರ ಯಾವ ಕಡೆಯಿಂದ ಬೀಸಿದರೂ ಒಂದೇ ಥರ ಕೇಳುತ್ತದೆ. ಪಣಂಬೂರಿನಲ್ಲಿ ಆ ಉಂಗುರ ಸಿಗುವ ಮೊದಲು ನಾನು ಮೂರು ಗಂಟೆ ಬಗ್ಗಿ ತೆಗೆದದ್ದು ಬಾಟಲಿ ಮುಚ್ಚಳ, ಗಾಳದ ಕೊಕ್ಕೆ, ಬಲೆಯ ಸೀಸದ ಗುಂಡು ಮತ್ತು ಯಾರದೋ ಬೈಕಿನ ಬೀಗದ ಕೈ. ನಿಮಗೆ ಬೆನ್ನೇ ಮುಖ್ಯವಾದರೆ ಏಕಕಾಲದಲ್ಲಿ ಹಲವು ಆವರ್ತನಗಳನ್ನು ಬಳಸುವ ಈಚಿನ ಯಂತ್ರ ಕೊಳ್ಳಿ. ಅದು ಉಪ್ಪನ್ನೂ ನೆಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಬ್ಬಿಣವನ್ನು ತಕ್ಕಮಟ್ಟಿಗೆ ಗುರುತಿಸುತ್ತದೆ. ನನ್ನನ್ನು ಕೇಳಿದರೆ, ಜನ ಹೆಚ್ಚು ಓಡಾಡುವ ಕೊಳಕು ದಂಡೆಗೆ ಅದು, ಕಪ್ಪು ಮರಳು ದಟ್ಟವಾದ ನಿರ್ಜನ ದಂಡೆಗೆ ಪಲ್ಸ್ ಯಂತ್ರ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ನೀವಿರುವ ದೇಶದ ಕೆಲವು ದಂಡೆಗಳಲ್ಲಿ ಎರಡನೆಯ ಮಹಾಯುದ್ಧದ ಸಿಡಿಯದ ಮದ್ದುಗುಂಡುಗಳು ಇಂದಿಗೂ ಸಿಗುತ್ತವೆ, ಪಲ್ಸ್ ಯಂತ್ರ ದೊಡ್ಡ ಕಬ್ಬಿಣವನ್ನು ಆಳದಿಂದಲೇ ಹಿಡಿಯುತ್ತದೆ. ಅನುಮಾನ ಬಂದರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ. ದಂಡೆಯ ಒಡೆಯರ ಅನುಮತಿ ಬೇಕು. ಹಡಗಿನ ಅವಶೇಷ ಸಿಕ್ಕರೆ 28 ದಿನಗಳೊಳಗೆ ‘ರಿಸೀವರ್ ಆಫ್ ರೆಕ್’ ಎಂಬ ಅಧಿಕಾರಿಗೆ, 1996ರ ಟ್ರೆಷರ್ ಕಾಯ್ದೆಯಡಿ ನಿಧಿಯೆನಿಸುವ ವಸ್ತು ಸಿಕ್ಕರೆ 14 ದಿನಗಳೊಳಗೆ ಕೊರೊನರ್ ಎಂಬ ವಿಚಾರಣಾಧಿಕಾರಿಗೆ ವರದಿ ಮಾಡಬೇಕು.

ಪ್ರ: ನಮ್ಮ ಊರಿನ ಹಾಳು ಗುಡಿಯ ಹತ್ತಿರ ನಿಧಿ ಇದೆಯೆಂದು ಹಿಂದಿನಿಂದಲೂ ಹೇಳುತ್ತಾರೆ. ಒಬ್ಬರು ನೂರು ಮೀಟರ್ ದೂರದಿಂದ, ಇಪ್ಪತ್ತು ಅಡಿ ಆಳದವರೆಗೆ ಚಿನ್ನವನ್ನು ಮಾತ್ರ ತೋರಿಸುವ ಯಂತ್ರ ಕೊಡುತ್ತೇನೆಂದು ಮೂರು ಲಕ್ಷ ಕೇಳುತ್ತಿದ್ದಾರೆ. ನೀವು ಹೇಳಿದ ಯಂತ್ರ ಇದೇನಾ? (ಹೆಸರು, ಊರು ಬೇಡ)

ಉ: ಅಲ್ಲ. ಅದು ಯಂತ್ರವೇ ಅಲ್ಲ.

ನೆಲದಡಿಯ ಸಣ್ಣ ವಸ್ತುವಿಗೆ ಸುರುಳಿಯಿಂದ ಹೊರಟ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಮರಳಿ ಬರುವಾಗ ಮತ್ತೆ ಅಷ್ಟೇ ಕುಗ್ಗುತ್ತದೆ. ಹೀಗಾಗಿ ಆಳ ಎರಡು ಪಟ್ಟಾದರೆ ಸಂಕೇತ 64ರಲ್ಲಿ ಒಂದು ಪಾಲಾಗುತ್ತದೆ. ಒಳ್ಳೆಯ ಪಲ್ಸ್ ಯಂತ್ರಕ್ಕೆ ನಾಣ್ಯದ ಗಾತ್ರದ ವಸ್ತು ಒಂದಡಿ ಆಳದ ಆಸುಪಾಸಿನಲ್ಲಿ ಕೇಳಿಸಿದರೆ ಅದೇ ದೊಡ್ಡದು. ನೂರು ಮೀಟರಿನ ಮಾತು ಹೇಳುವವರು ಕೈಯಲ್ಲಿ ತಿರುಗುವ ಕಡ್ಡಿಯನ್ನೇ ಹೆಚ್ಚು ಬೆಲೆಗೆ ಮಾರುತ್ತಿದ್ದಾರೆ. ಇಂಥದ್ದೇ ಕಡ್ಡಿಯೊಂದನ್ನು ಎಡಿಇ 651 ಎಂಬ ಹೆಸರಿನಲ್ಲಿ ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್ ಎಂಬಾತನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷ ಸೆರೆವಾಸ ವಿಧಿಸಿತು. ಗಾಲ್ಫ್ ಚೆಂಡು ಹುಡುಕುತ್ತದೆಂದು ಮಾರುತ್ತಿದ್ದ ಆಟಿಕೆ ಅದರ ಮೂಲ. ಅದನ್ನು ನಂಬಿ ತಪಾಸಣೆ ಮಾಡಿದ ಕಡೆಗಳಲ್ಲಿ ಜನ ಸತ್ತರು.

ಗುಡಿಯ ಬಳಿ ಅಗೆಯುವ ಯೋಚನೆಯನ್ನೂ ಬಿಡಿ. ನಿಧಿಯ ಆಸೆಗೆ ನಮ್ಮ ನಾಡಿನಲ್ಲಿ ಒಡೆದುಹೋದ ವೀರಗಲ್ಲು, ಕಿತ್ತುಹೋದ ಪೀಠಗಳನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯೇ ಹೇಳಿತ್ತು. ಆಗ ಮೈಸೂರು ರಾಜ್ಯವೆನಿಸಿದ್ದ ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳಿಗೆ 1972ರ ಕಾಯ್ದೆ, ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಬೇರೆ ಇವೆ. ಮೂರು ಲಕ್ಷ ಉಳಿದರೆ ಗುಡಿಯ ಮಾಡು ಸರಿಮಾಡಿಸಲು ಸಂಬಂಧಪಟ್ಟ ಇಲಾಖೆಗೆ ಒಂದು ಅರ್ಜಿ ಬರೆಯಿರಿ.

ಪ್ರ: ಕೆ.ಜಿ.ಎಫ್. ಸುತ್ತಮುತ್ತ ಈ ಯಂತ್ರದಿಂದ ಚಿನ್ನ ಸಿಗಬಹುದೇ? (ಕೋಲಾರ)

ಉ: ಸಿಗದು. ಕೋಲಾರದ ಚಿನ್ನ ಬಿಳಿಕಲ್ಲಿನ ಪದರಗಳಲ್ಲಿ ಸಣ್ಣ ಕಣಗಳಾಗಿ ಹುದುಗಿರುವಂಥದ್ದು. ಅದನ್ನು ಅರೆದು, ರಾಸಾಯನಿಕಗಳಿಂದ ಬಿಡಿಸಿ ತೆಗೆಯುತ್ತಿದ್ದರು. ಅಷ್ಟು ಸಣ್ಣ ಕಣದಲ್ಲಿ ಪ್ರವಾಹ ಸುತ್ತಲು ಜಾಗವೇ ಇಲ್ಲ, ಯಾವ ಶೋಧಕಕ್ಕೂ ಅದು ಕೇಳಿಸದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿ ಉಳಿದಿರುವ ಸೈನೈಡ್ ದಿಬ್ಬಗಳ ಮೇಲೆ ಯಂತ್ರ ಹಿಡಿದು ಓಡಾಡುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ಪ್ರ: ಹುಡುಕಲು ಯಾವ ಹೊತ್ತು, ಯಾವ ಕಾಲ ಒಳ್ಳೆಯದು? ಯಂತ್ರವನ್ನು ಉಪ್ಪಿನಿಂದ ಕಾಪಾಡುವುದು ಹೇಗೆ? (ಕುಂದಾಪುರ)

ಉ: ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತ ನೋಡಿಕೊಳ್ಳಿ. ಇಂಗ್ಲೆಂಡಿನ ಸೆವರ್ನ್ ನದೀಮುಖದಲ್ಲಿ ಭರತ ಇಳಿತಗಳ ನಡುವೆ 12 ಮೀಟರಿಗೂ ಮೀರಿದ ವ್ಯತ್ಯಾಸವಿರುತ್ತದೆ. ನಮ್ಮಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸು, ಆದ್ದರಿಂದ ಬಯಲಾಗುವ ಮರಳಿನ ಪಟ್ಟಿಯೂ ಕಿರಿದು, ಸಿಗುವ ಸಮಯವೂ ಕಡಿಮೆ. ಇಳಿತ ಮುಗಿಯುವ ಎರಡು ಗಂಟೆ ಮೊದಲೇ ಹೋಗಿ, ನೀರು ಹಿಂದೆ ಸರಿದಂತೆ ನೀವೂ ಕೆಳಗಿಳಿಯಿರಿ. ತೆಗೆಯಲು ತೂತಿನ ಪ್ಲಾಸ್ಟಿಕ್ ಸೌಟು ಸಾಕು. ಸ್ಟೀಲಿನದಾದರೆ ಸುರುಳಿಯಿಂದ ಒಂದು ಮಾರು ದೂರವಿಡಿ, ಇಲ್ಲವಾದರೆ ಯಂತ್ರ ಅದನ್ನೇ ಹುಡುಕಿಕೊಡುತ್ತದೆ. ಮನೆಗೆ ಬಂದ ಮೇಲೆ ಸುರುಳಿ ಮತ್ತು ಕೋಲನ್ನು ಸಿಹಿನೀರಿನಲ್ಲಿ ತೊಳೆದು, ಸುರುಳಿಯ ತಳಕ್ಕೆ ಹಾಕಿದ ಕವಚವನ್ನು ಬಿಚ್ಚಿ ಒಳಗೆ ಸೇರಿದ ಕಪ್ಪು ಮರಳನ್ನು ಒರೆಸಿ. ಅದನ್ನು ಬಿಟ್ಟರೆ ಮರುದಿನ ಯಂತ್ರ ಗಾಳಿಯಲ್ಲಿಯೇ ಗೊಣಗಲು ಶುರುಮಾಡೀತು.

ಚಳಿಗಾಲದ ತಿಂಗಳುಗಳಲ್ಲಿ ನಿಮ್ಮ ಕಡೆಯ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೇಲಿ ಅಥವಾ ಬಲೆ ಸುತ್ತಿ ಗುರುತು ಮಾಡಿದ ಜಾಗಗಳಿಂದ ದೂರವಿರಿ. ಗುರುತಿಲ್ಲದಿದ್ದರೂ ಮರಳಿನ ಮೇಲೆ ಟ್ರ್ಯಾಕ್ಟರಿನ ಜಾಡಿನಂಥ ಗೆರೆ ನೀರಿನಿಂದ ಮೇಲಕ್ಕೆ ಹೋಗಿದ್ದು ಕಂಡರೆ ಅಲ್ಲಿ ಕೈಯಾಡಿಸದೆ ಅರಣ್ಯ ಇಲಾಖೆಯವರಿಗೆ ಹೇಳಿ.

ಪ್ರ: ಮೊಬೈಲಿನಲ್ಲಿ ಮೆಟಲ್ ಡಿಟೆಕ್ಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದು ಸಾಲದೇ? (ಹೊನ್ನಾವರ)

ಉ: ಆ ಆ್ಯಪ್ ಬಳಸುವುದು ದಿಕ್ಸೂಚಿಗೆಂದು ಫೋನಿನೊಳಗೆ ಇಟ್ಟಿರುವ ಕಾಂತಮಾಪಕವನ್ನು. ಅದಕ್ಕೆ ಕಬ್ಬಿಣ ಗೊತ್ತಾಗುತ್ತದೆ, ಅದೂ ತೀರ ಹತ್ತಿರವಿದ್ದಾಗ. ಚಿನ್ನ, ಬೆಳ್ಳಿ, ತಾಮ್ರ ಗೊತ್ತಾಗುವುದಿಲ್ಲ. ಗೋಡೆಯ ಗಾರೆಯೊಳಗೆ ಮುರಿದುಳಿದ ಮೊಳೆ ಎಲ್ಲಿದೆಯೆಂದು ನೋಡುವುದಕ್ಕೆ ಬಳಸಿ, ಚೆನ್ನಾಗಿದೆ.